ಹಿಂದಕ್ಕೆ ಬಿಡುವಂತಿಲ್ಲ

ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೀನುಗಾರಿಕೆ ಇಲಾಖೆಯ ಹೊಸ ಆದೇಶ ಅಂದಿನಿಂದಲೇ ಜಾರಿ: ಗಾಳಕ್ಕೆ ಬಿದ್ದ ಪಟ್ಟೆಮೀನನ್ನು ಯಾರೂ ನದಿಗೆ ವಾಪಸ್ ಬಿಡುವಂತಿಲ್ಲ. ಆದೇಶದ ಕರಡು ಬರೆದವಳು ಅವಳೇ, ದೋಣಿಗಳ ತಪಾಸಣೆ ಮಾಡಬೇಕಾದವಳೂ ಅವಳೇ. ಆ ದೋಣಿಗಳಲ್ಲಿ ಅರ್ಧಕ್ಕರ್ಧ ಚಿಕ್ಕಪ್ಪನವು.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ಈ ಚಿಕ್ಕಪ್ಪ. ಅಕ್ಷರಕ್ಕಿಂತ ಮೊದಲು ಗಾಳಕ್ಕೆ ಗಂಟು ಹಾಕಲು ಕಲಿಸಿದವನು. ಮೂವತ್ತು ವರ್ಷದ ಹಿಂದೆ ದೂರದ ಕೆರೆಯಿಂದ ಪಟ್ಟೆಮೀನಿನ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತಂದು ಈ ನದಿಗೆ ಸುರಿದವನೂ ಅವನೇ. ಮೋಜಿಗೆ ಗಾಳ ಹಾಕಿ ಮೀನನ್ನು ಮತ್ತೆ ನೀರಿಗೆ ಬಿಡುವವರು ಎಲ್ಲೆಲ್ಲಿಂದಲೋ ಬಂದರು, ಗಾಳ-ದೋಣಿ ಬಾಡಿಗೆಗೆ ಕೊಡುವ ಅವನ ಅಂಗಡಿ ಬೆಳೆಯಿತು. ಈ ನದಿ ಬಿಟ್ಟರೆ ಬೇರೆಲ್ಲೂ ಇಲ್ಲದ ಕೆಂಬಾಲದ ಮೀನು ಮಾತ್ರ ವರ್ಷ ವರ್ಷಕ್ಕೂ ಕಡಿಮೆಯಾಗುತ್ತ ಬಂತು.

ಮಧ್ಯಾಹ್ನ ಅವನ ದೋಣಿ ದಡ ಮುಟ್ಟಿತು. ಗಿರಾಕಿ ಫೋಟೊ ತೆಗೆಸಿಕೊಂಡು ಹೊರಟುಹೋದ. ತೊಟ್ಟಿಯಲ್ಲಿ ತೋಳುದ್ದದ ಪಟ್ಟೆಮೀನು ಇನ್ನೂ ಕಿವಿರು ಆಡಿಸುತ್ತಿತ್ತು.

"ಇದನ್ನ ಬಿಡ್ತೀನಿ," ಎಂದ ಚಿಕ್ಕಪ್ಪ. "ಇಷ್ಟಾಗೋಕೆ ಹತ್ತು ವರ್ಷ ಹಿಡಿದಿದೆ. ಬೇಕಿದ್ರೆ ನನ್ನ ಲೈಸೆನ್ಸ್ ಕಿತ್ಕೋ."

"ಕಿತ್ಕೋಬೇಕಾಗುತ್ತೆ. ಅದಕ್ಕೇ ಹೇಳ್ತಿದೀನಿ, ಬಿಡಬೇಡ."

"ಮರಿ ತಂದಾಗ ನಿಮ್ಮ ಇಲಾಖೆಯೋರೇ ಬೆನ್ನು ತಟ್ಟಿದ್ರು. ಇವತ್ತು ನಾನು ಕಳ್ಳನಾ?"

ಅವಳು ಚಾಕು ತೆಗೆದು ಅವನ ಕೈಗಿಟ್ಟಳು. "ನೀನೇ ಕೊಯ್ದು ನೋಡು. ಹೊಟ್ಟೇಲಿ ಕೆಂಬಾಲ ಇಲ್ದಿದ್ರೆ ನಾನು ನಿನ್ನ ದೋಣಿ ಹತ್ರ ಸುಳಿಯಲ್ಲ."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಎಷ್ಟೋ ಮೀನುಗಳ ಹೊಟ್ಟೆ ಖಾಲಿಯಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಚಿಕ್ಕಪ್ಪ ಮೀನಿನ ತಲೆಗೆ ಒಂದೇ ಏಟು ಹಾಕಿ ಹೊಟ್ಟೆ ಸೀಳಿದ. ಒಂಬತ್ತು ಮರಿಗಳು. ಬಾಲದ ಕೆಂಪು ಇನ್ನೂ ಮಾಸಿರಲಿಲ್ಲ. ಎಲ್ಲದರ ಬೆನ್ನಿನ ರೆಕ್ಕೆಯಲ್ಲೂ ಒಂದು ಸಣ್ಣ ಕಚ್ಚು.

"ಇದೇನು?"

"ನಾನು ಹಾಕಿದ ಗುರುತು. ಮೊಟ್ಟೆಯಿಂದ ಸಾಕಿ ಸೋಮವಾರ ಬಿಟ್ಟಿದ್ದೆ."

ಅವನು ಮರಿಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಹಲಗೆಯ ಮೇಲೆ ಜೋಡಿಸಿದ. ತಲೆಯೆತ್ತದೆಯೇ ಕೇಳಿದ: "ಸಣ್ಣವನ್ನ ತಿನ್ನೋ ದೊಡ್ಡವನ್ನ ತೆಗೆದ್ರೆ ಸಣ್ಣ ಪಟ್ಟೆಮೀನು ಹೆಚ್ಚಾಗಲ್ವಾ?"

"ಆಗಬಹುದು. ನನಗೂ ಅದೇ ಭಯ."

"ಹಾಗಾದ್ರೆ ಅವು ಮೊಟ್ಟೆ ಇಡೋ ಕಡೆಗೇ ಬಲೆ ಹಾಕ್ಬೇಕು. ನೀವು ಇಲಾಖೆಯೋರು ಸೇತುವೆ ಕೆಳಗೆ ಹುಡುಕ್ತಿದೀರಿ, ಅಲ್ಲೇನೂ ಇಲ್ಲ. ದೋಣಿ ಹತ್ತು, ತೋರಿಸ್ತೀನಿ."

ಅಂದಿನಿಂದ ಇಬ್ಬರೂ ಸೇರಿ ಬಲೆ ಎಳೆದರು. ಗಿರಾಕಿಗಳು ಕಡಿಮೆಯಾದರು, ಚಿಕ್ಕಪ್ಪ ಎರಡು ದೋಣಿ ಮಾರಿದ. ಕೆಲವು ದಿನ ಅವಳಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಆದರೂ ಕೆಲಸ ತಪ್ಪಿಸಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂಬ ಹುಳ ಅವಳನ್ನು ಎರಡು ವರ್ಷ ಕೊರೆಯಿತು.

ಮೂರನೆಯ ವರ್ಷ, ಸಣ್ಣ ಕಲ್ಲುಗಳ ಹಾಸಿನ ಮೇಲಿನ ಆಳವಿಲ್ಲದ ನೀರಿನಲ್ಲಿ, ಅವಳು ಸಾಕದ, ನದಿಯಲ್ಲೇ ಹುಟ್ಟಿದ ಕೆಂಬಾಲದ ಮರಿಗಳು ಕಂಡವು. ಫೋನ್ ಮಾಡಿದಳು.

"ಹದಿನಾಲ್ಕು ಇವೆ ಚಿಕ್ಕಪ್ಪ."

"ಸರಿಯಾಗಿ ಎಣಿಸಿದ್ಯಾ?"

"ಎರಡು ಸಲ."

"ಅಲ್ಲೇ ಇರು. ನಾನೂ ನೋಡ್ಬೇಕು."