ತಾವಾಗಿ ಎದ್ದು ಓಡಾಡಬಲ್ಲವರಿಗೆ ಮಾತ್ರ

ಅಪ್ಪನ ಮಂಚ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಮೇಜು, ಮೇಜಿನ ಮೇಲೆ ಹಳೆಯ ವಾರಪತ್ರಿಕೆಗಳ ಅಟ್ಟಿ, ಪಕ್ಕದಲ್ಲೊಂದು ಹೂಕುಂಡ. ಬಾಗಿಲಿಗೆ ಅಂಟಿಸಿದ್ದ ಹೆಸರಿನ ಚೀಟಿ ಹೋಗಿ ‘ಓದುವ ಕೋಣೆ’ ಎಂಬ ಬೋರ್ಡು ಬಂದಿತ್ತು. ಒಗೆದು ಮಡಿಸಿದ ಕಂಬಳಿಯನ್ನು ಎದೆಗವಚಿಕೊಂಡು ಬಂದಿದ್ದ ಮಗಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ವೃದ್ಧಾಶ್ರಮದಲ್ಲಿ ಮಂಚ ತೆಗೆದು, ನೆಲ ತೊಳೆದು, ಹೆಸರು ಕಿತ್ತರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಕೆಟ್ ಹಿಡಿದು ಬರುತ್ತಿದ್ದ ಆಯಾ ಅವಳನ್ನು ಕಂಡು ಬೆಚ್ಚಿದಳು.

“ಅಯ್ಯೋ ಅಕ್ಕ, ನೀವು ಭಾನುವಾರ ತಾನೆ ಬರೋದು?”

“ಅಪ್ಪ ಎಲ್ಲಿ?”

“ಏನೂ ಆಗಿಲ್ಲಕ್ಕ, ಚೆನ್ನಾಗಿದಾರೆ. ಟ್ರಿಪ್ಪಿಗೆ ಕರ್ಕೊಂಡು ಹೋಗಿದಾರೆ.”

ಹೋದ ಜೀವ ಬಂದಂತಾಯಿತು. ಬಂದ ಜೀವದ ಹಿಂದೆಯೇ ಸಿಟ್ಟೂ ಬಂತು. ಟ್ರಿಪ್ಪಂತೆ! ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಇಬ್ಬರು ಬೇಕಾದ ಮನುಷ್ಯನಿಗೆ ಟ್ರಿಪ್ಪು.

ಅವಳ ಅಪ್ಪ ಡ್ರೈವಿಂಗ್ ಶಾಲೆ ನಡೆಸಿದವರು. ಊರಿಗೆ ಊರೇ ಅವರನ್ನು ಕ್ಲಚ್ ಮೇಷ್ಟ್ರು ಎನ್ನುತ್ತಿತ್ತು, ಏಕೆಂದರೆ ದಿನವಿಡೀ ಅವರ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. ಕಲಿಯುವವರು ಸ್ಟೇರಿಂಗ್ ಹಿಂದೆ ಬೆವರುತ್ತಿದ್ದರೆ ಇವರು ಪಕ್ಕದ ಸೀಟಿನಲ್ಲಿ ಮಹಾರಾಜರಂತೆ ಒರಗಿರುತ್ತಿದ್ದರು. ದಾರಿಯಲ್ಲಿ ಏನಾದರೂ ಅಡ್ಡ ಬಂತೆಂದರೆ ಬಲಗೈ ತಾನಾಗಿ ಚಾಚಿಕೊಂಡು ಸ್ಟೇರಿಂಗ್ ತಿರುಗಿಸುತ್ತಿತ್ತು, ಇಲ್ಲವೇ ಹಾರ್ನ್ ಒತ್ತುತ್ತಿತ್ತು. ಸುಮ್ಮಸುಮ್ಮನೆ ಹಾರ್ನ್ ಬಾರಿಸುವವರಿಗೆ ಮಾತ್ರ ಬೈಗುಳ ತಪ್ಪುತ್ತಿರಲಿಲ್ಲ. “ಹಾರ್ನ್ ಇರೋದು ಸಿಟ್ಟು ತೋರಿಸೋಕಲ್ಲಯ್ಯ, ನಾನಿಲ್ಲಿದೀನಿ ಅಂತ ಹೇಳೋಕೆ” ಎನ್ನುತ್ತಿದ್ದರು.

ಈ ವೃದ್ಧಾಶ್ರಮಕ್ಕೆ ಅವರು ಕೋಲೂರಿಕೊಂಡು ತಾವೇ ನಡೆದು ಬಂದವರು. ಆಗ ಬೇಕಾಗಿದ್ದುದು ಹೊತ್ತಿಗೆ ಊಟ, ಮಾತ್ರೆ ನೆನಪಿಸುವವರು, ಸ್ನಾನದ ಮನೆಯಲ್ಲಿ ಒಂದು ಆಸರೆಯ ಕೈ, ಇಷ್ಟೆ. ಆಮೇಲೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು, ನಾಲಿಗೆಯೂ ಹೋಯಿತು. ಮಗಳು ಅಂದೇ ಮ್ಯಾನೇಜರಮ್ಮನನ್ನು ಕೇಳಿದ್ದಳು, ಅಪ್ಪನನ್ನು ನರ್ಸುಗಳಿರುವ ಮನೆಗೆ ಸೇರಿಸಬೇಕೇ ಎಂದು. ಆ ಹೆಂಗಸಿನ ಬಾಯಲ್ಲಿ ಬೆಣ್ಣೆ ಕರಗಿತು. “ಇದು ನಿಮ್ಮ ಮನೇನೇ ಅಂದ್ಕೊಳಿ. ಮನೇಲಿ ಅಪ್ಪ ಹಾಸಿಗೆ ಹಿಡಿದ್ರೆ ಹೊರಗೆ ಹಾಕ್ತಾರಾ?” ಮಗಳಿಗೆ ಕಣ್ಣು ತುಂಬಿ ಬಂದಿತ್ತು. ತನ್ನ ಲಾಂಡ್ರಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಹಬೆಯಲ್ಲಿ ಬೇಯುವವಳಿಗೆ ಯಾರಾದರೂ ನಾವಿದ್ದೇವೆ ಎಂದರೆ ಸಾಕಾಗಿತ್ತು.

ಈಗ ಅವಳು ದಡದಡನೆ ಹಜಾರಕ್ಕೆ ನಡೆದಳು. ಅಲ್ಲಿ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಆ ಮನೆಯ ಲೈಸೆನ್ಸ್ ತೂಗುತ್ತಿತ್ತು. ಪ್ರತಿ ಭಾನುವಾರ ಅದೇ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಸರಿಮಾಡಿಕೊಂಡಿದ್ದಳೇ ಹೊರತು ಒಳಗಿನ ಅಕ್ಷರ ಓದಿರಲಿಲ್ಲ. ಅವಳ ಅಂಗಡಿಯಲ್ಲೂ ಅಂಥದ್ದೊಂದು ಇದೆ, ಅದನ್ನು ಯಾವ ಗಿರಾಕಿ ಓದಿದ್ದಾನೆ? ಇವತ್ತು ಓದಿದಳು. ‘ತಾವಾಗಿ ಎದ್ದು ಓಡಾಡಬಲ್ಲ ಹಿರಿಯರ ವಾಸಕ್ಕೆ ಮಾತ್ರ.’

ಊಟದ ಕೋಣೆಯಿಂದ ಒಂದು ಅಪರಿಚಿತ ಗಂಡು ದನಿ ಕೇಳಿಸಿತು. ಕಿಟಕಿಗಳು ಎಷ್ಟು, ರಾತ್ರಿ ಯಾರಿರುತ್ತಾರೆ ಎಂದೆಲ್ಲ ಅದು ವಿಚಾರಿಸುತ್ತಿತ್ತು. ಲೈಸೆನ್ಸ್ ನವೀಕರಿಸುವ ಅಧಿಕಾರಿ ತಪಾಸಣೆಗೆ ಬಂದಿದ್ದಾನೆ ಎಂಬುದು ಅವಳಿಗೆ ಅರ್ಥವಾಯಿತು. ಟ್ರಿಪ್ಪಿನ ಅರ್ಥವೂ ಆಯಿತು. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇಂಥವರನ್ನು ನೋಡಿಯೇ.

ಅಷ್ಟರಲ್ಲಿ ಮ್ಯಾನೇಜರಮ್ಮ ಓಡಿಬಂದು ಅವಳ ರಟ್ಟೆ ಹಿಡಿದು ಉಗ್ರಾಣದ ಕೋಣೆಗೆ ಎಳೆದುಕೊಂಡಳು.

“ಮೆಲ್ಲಗೆ ಮಾತಾಡಿ. ಹಿಂದುಗಡೆ ವ್ಯಾನಲ್ಲಿ ಕೂರಿಸಿದೀವಿ. ಅವರು ಹೋದ ತಕ್ಷಣ ವಾಪಸ್ ಮಲಗಿಸ್ತೀವಿ. ಪ್ರತಿ ಸಲಾನೂ ಹೀಗೇ ಮಾಡೋದು, ಯಾರಿಗೂ ಏನೂ ಆಗಿಲ್ಲ.”

“ಇಲ್ಲಿ ಹಾಸಿಗೆ ಹಿಡಿದವರನ್ನ ಇಟ್ಕೊಳೋ ಹಾಗೇ ಇಲ್ವಂತಲ್ಲ. ಗೋಡೆ ಮೇಲೆ ನೀವೇ ಹಾಕಿದೀರ.”

“ಅದೆಲ್ಲ ಕಾಗದದ ಮಾತು. ಅಂಥವರನ್ನ ಇಟ್ಕೊಳೋ ಲೈಸೆನ್ಸ್ ಬೇಕಾದ್ರೆ ಹಗಲೂ ರಾತ್ರಿ ನರ್ಸ್ ಇರ್ಬೇಕು, ಮಲಗಿದವರ ಸಮೇತ ಮಂಚ ಹಾಯೋವಷ್ಟು ಅಗಲದ ಬಾಗಿಲು ಬೇಕು, ಬೆಂಕಿ ಬಿದ್ರೆ ಹೊತ್ಕೊಂಡು ಹೋಗೋಕೆ ಜನ ಬೇಕು. ಎಲ್ಲಿಂದ ತರ್ಲಿ ಹೇಳಿ?”

“ಹಾಗಾದ್ರೆ ಬೆಂಕಿ ಬಿದ್ರೆ ನಮ್ಮಪ್ಪ?”

ಮ್ಯಾನೇಜರಮ್ಮನ ಬಾಯಲ್ಲಿ ಬೆಣ್ಣೆ ಮುಗಿದಿತ್ತು, ಈಗ ಚಾಕು ಹೊರಬಂತು. “ನೀವು ಈಗ ಬಾಯಿ ಬಿಟ್ರೆ ಸಂಜೆಗೆ ಇದಕ್ಕೆ ಬೀಗ ಬೀಳತ್ತೆ. ನರ್ಸಿಂಗ್ ಮನೆಗಳಲ್ಲಿ ಜಾಗ ಸಿಗೋಕೆ ವರ್ಷ ಕಾಯ್ಬೇಕು. ನಿಮ್ಮಪ್ಪನ್ನ ಎಲ್ಲಿ ಮಲಗಿಸ್ತೀರ, ಇಸ್ತ್ರಿ ಮೇಜಿನ ಮೇಲಾ?”

ಮಗಳಿಗೆ ತನ್ನ ಅಂಗಡಿಯ ಹಿಂದಿನ ಒಂದೇ ಕೋಣೆ, ಅಲ್ಲಿಗೆ ಹೋಗುವ ಕಡಿದಾದ ಮೆಟ್ಟಿಲು, ಬಾಯ್ಲರಿನ ಕಾವು, ಎಲ್ಲ ಕಣ್ಣ ಮುಂದೆ ಬಂದವು. ತಪ್ಪು ಮಾಡಿದವಳು ನೆಟ್ಟಗೆ ನಿಂತಿದ್ದಾಳೆ, ತಲೆ ತಗ್ಗಿಸಿದವಳು ತಾನು. ಇದೆಂಥ ನ್ಯಾಯ? ಆದರೂ ಅವಳು ತಗ್ಗಿಸಿದಳು. “ಒಂದ್ಸಲ ನೋಡ್ಕೊಂಡು ಬರ್ತೀನಿ” ಎಂದಷ್ಟೇ ಹೇಳಿ ಹಿಂಬಾಗಿಲಿನಿಂದ ಹೊರಬಿದ್ದಳು.

ಅಡುಗೆಮನೆಯ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ನಡುಮಧ್ಯಾಹ್ನದ ಬಿಸಿಲಲ್ಲಿ ವ್ಯಾನ್ ನಿಂತಿತ್ತು. ಕಿಟಕಿಗಳಿಗೆ ಪರದೆ ಎಳೆದಿದ್ದರು. ಗಾಜು ಬೆರಳು ತೂರುವಷ್ಟು ಮಾತ್ರ ತೆರೆದಿತ್ತು. ವ್ಯಾನಿನ ಡ್ರೈವರ್ ಮಾತ್ರ ಗೋಡೆಯ ನೆರಳಲ್ಲಿ ಕಾಲು ಚಾಚಿ ಕೂತಿದ್ದ. ಅವಳು ಬಾಗಿಲು ಎಳೆದಳು. ಒಳಗಿನ ಕಾವು ಅವಳ ಬಾಯ್ಲರಿನ ಕಾವನ್ನೂ ಮೀರಿಸಿತ್ತು. ಹಿಂದಿನ ಸೀಟುಗಳಲ್ಲಿ ಮೂವರನ್ನು ಬೆಲ್ಟು ಬಿಗಿದು ಕೂರಿಸಿದ್ದರು. ಒಬ್ಬ ಅಜ್ಜಿಯ ತಲೆ ಗಾಜಿಗೆ ವಾಲಿತ್ತು, ತುಟಿ ಒಣಗಿ ಬಿರಿದಿತ್ತು. ಮೂಟೆಗಳನ್ನಾದರೂ ಜನ ನೆರಳಲ್ಲಿಡುತ್ತಾರೆ.

ಅಪ್ಪ ಮುಂದಿನ ಸೀಟಿನಲ್ಲಿದ್ದರು, ಡ್ರೈವರ್ ಸೀಟಿನ ಪಕ್ಕ. ಹಿಂದಕ್ಕೆ ಒರಗುವುದು ಅದೊಂದೇ ಸೀಟು ಎಂದು ಅಲ್ಲಿ ಮಲಗಿಸಿದ್ದರು. ಅವರು ಎಷ್ಟೋ ವರ್ಷ ಕೂತಿದ್ದ ಜಾಗ ಅದು. ಅದನ್ನು ಯೋಚಿಸುವ ಗೊಡವೆ ಯಾರಿಗಿತ್ತು? ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಮಗಳನ್ನು ಕಂಡು ಅವರ ಕಣ್ಣು ಅರಳಿತು, ಬಾಯಿಯ ಒಂದು ಕೊನೆ ಅಲುಗಿತು.

“ಅಪ್ಪ, ನಾನು ಬಂದೆ” ಎಂದಳು. ಅವರ ಮುಖ ಒರೆಸಿದಳು, ಬೆಲ್ಟು ಬಿಚ್ಚಿದಳು. ಡ್ರೈವರನಿಗೆ ನೀರು ತರಲು ಹೇಳಿದಳು. ಅವನು ಒಳಗೆ ಹೋಗಿ ನೀರಿನ ಬದಲು ಮ್ಯಾನೇಜರಮ್ಮನನ್ನು ಕರೆತಂದ.

“ನೋಡಿದ್ರಲ್ಲ? ಈಗ ಬಾಗಿಲು ಹಾಕಿ” ಎಂದಳು ಆಕೆ. “ಅವರು ಟೀ ಕುಡೀತಿದಾರೆ. ಇನ್ನೇನು ಹೊರಟ್ರು.”

ಮಗಳು ಬಾಗಿಲಿನ ಹಿಡಿಕೆ ಮೇಲೆ ಕೈ ಇಟ್ಟು ನಿಂತಳು. ಹಾಕುವುದಕ್ಕೂ ಆಗದು, ಬಿಡುವುದಕ್ಕೂ ಆಗದು. ಅಪ್ಪ ಅವಳನ್ನೂ ಆ ಹೆಂಗಸನ್ನೂ ನೋಡಿದರು. ಲಕ್ವ ಅವರ ನಾಲಿಗೆಯನ್ನು ಕಿತ್ತುಕೊಂಡಿತ್ತೇ ವಿನಾ ಕಿವಿಯನ್ನಲ್ಲ. ಅವರ ಬಲಗೈ ಮಡಿಲಿನಿಂದ ಮೆಲ್ಲಗೆ ಎದ್ದು, ಪಕ್ಕಕ್ಕೆ ಚಾಚಿಕೊಂಡು ಸ್ಟೇರಿಂಗಿನ ನಟ್ಟನಡುವೆ ಹೋಗಿ ಕೂತಿತು.

ಹಾರ್ನ್ ಹಿತ್ತಲೆಲ್ಲ ನಡುಗುವಂತೆ ಕೂಗಿತು. ಟ್ಯಾಂಕಿನ ಮೇಲಿದ್ದ ಕಾಗೆಗಳು ಹಾರಿದವು. ಹಿಂದಿದ್ದ ಅಜ್ಜಿ ತಲೆ ಎತ್ತಿದಳು.

“ಕೈ ತೆಗೆಸಿ. ಮೊದಲು ಆ ಕೈ ತೆಗೆಸಿ” ಎಂದು ಮ್ಯಾನೇಜರಮ್ಮ ಹಲ್ಲು ಕಚ್ಚಿ ಹೇಳಿದಳು. “ನಾಳೆಯಿಂದ ಇವರಿಗೆ ನೆಲೆ ಇರಲ್ಲ, ನೆನಪಿಟ್ಕೊಳಿ.”

ಅಪ್ಪನ ಕೈ ಸೋಲುತ್ತಿತ್ತು. ಹಾರ್ನಿನ ದನಿ ತುಂಡುತುಂಡಾಗಿ ನಿಲ್ಲತೊಡಗಿತು. ಮಗಳು ಡ್ರೈವರ್ ಸೀಟಿನ ಕಡೆಗೆ ಸುತ್ತಿ ಬಂದು ಒಳಗೆ ಬಾಗಿ ಆ ಕೈಯನ್ನು ಹಿಡಿದಳು. ಮ್ಯಾನೇಜರಮ್ಮ ಉಸಿರು ಬಿಟ್ಟಳು.

“ಇದೂ ಒಂದು ನೆಲೇನಾ?” ಎಂದಳು ಮಗಳು. “ನಾವಿಲ್ಲಿದೀವಿ ಅಂತ ಅವರು ಹೇಳ್ತಿದಾರೆ. ಕೇಳಿಸ್ಲಿ ಬಿಡಿ.”

ಅಪ್ಪನ ಕೈಯ ಮೇಲೆ ತನ್ನ ಕೈಯಿಟ್ಟು, ಇಸ್ತ್ರಿಪೆಟ್ಟಿಗೆ ಒತ್ತಿ ಒತ್ತಿ ಗಟ್ಟಿಯಾದ ತೋಳಿನ ಬಲವನ್ನೆಲ್ಲ ಹಾಕಿ ಒತ್ತಿದಳು. ಹಿಂಬಾಗಿಲು ತೆರೆಯಿತು. ಅಧಿಕಾರಿ ಟೀ ಲೋಟ ಹಿಡಿದುಕೊಂಡೇ ಹೊರಗೆ ಬಂದ. ಅವನು ವ್ಯಾನಿನ ಹತ್ತಿರ ಬಂದು, ಪರದೆ ಸರಿಸಿ, ಒಳಗಿದ್ದವರ ಮುಖಗಳನ್ನು ಒಂದೊಂದಾಗಿ ನೋಡುವ ತನಕ ಅವಳು ಕೈ ತೆಗೆಯಲಿಲ್ಲ.