ಮಲ್ಕಪ್ಪ ಆರಿಸಿದ ಟಯರು

ಅಮೋಘಸಿದ್ದನ ಕಾರಿಗೆ ಹಿಡಿತವಿರಲಿಲ್ಲ. ನಾಲ್ಕೂ ಟಯರು ಬೋಳಾಗಿದ್ದವು. ಹೋದ ವಾರ ಸುರಪುರದ ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಗಾಲಿ ನಿಂತರೂ ಕಾರು ನಿಂತಿರಲಿಲ್ಲ. ಬಾಳೆಹಣ್ಣಿನ ತಳ್ಳುಗಾಡಿಗೆ ಗೇಣು ದೂರದವರೆಗೆ ಜಾರಿಹೋಗಿತ್ತು. ಹೆಂಡತಿ ಮಲಕಮ್ಮ ಅಲ್ಲೇ ಇಳಿದು, "ಇದು ನಿಲ್ಲೂದು ಕಲ್ತ ಮ್ಯಾಲ ನನ್ನ ಕರೀರಿ" ಎಂದು ಬಸ್ಸು ಹತ್ತಿದ್ದಳು.

ಈಗ ಕಾರು ಶಹಾಪುರದಲ್ಲಿ ಮನ್ಸೂರಅಲಿಯ ಟಯರು ಅಂಗಡಿಯ ಮುಂದಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಮೋಘಸಿದ್ದ ಅದನ್ನು ಹೈದರಾಬಾದಿನಲ್ಲಿ ಎರಡು ಕೈ ದಾಟಿದ ಮೇಲೆ ಕೊಂಡಿದ್ದ. ಸಂಬಳವೆಲ್ಲ ಕಾರಿನ ಕಂತಿಗೇ ಹೋಗುತ್ತಿತ್ತು. ಟಯರಿಗೆಂದು ಅಪ್ಪ ಮಲ್ಕಪ್ಪ ಎರಡು ಟಗರು ಮಾರಿ, ತಾನೂ ಜೊತೆಗೆ ಬಂದಿದ್ದ.

ಮನ್ಸೂರಅಲಿ ಎರಡು ಥರದ ಟಯರು ಉರುಳಿಸಿಕೊಂಡು ಬಂದ.

"ನೋಡ್ರಿ ಸಾಹೇಬ್ರ, ಇದು ಮೆತ್ತಗದ. ನೀರಿರ್ಲಿ, ರಾಡಿ ಇರ್ಲಿ, ಹಿಡೀತದ. ಲೇಕಿನ್ ಎರಡು ವರ್ಷಕ್ಕ ಸವೀತದ. ಅದು ಗಟ್ಟಿ. ಟ್ಯಾಕ್ಸಿಯವ್ರು ಒಯ್ತಾರ. ಐದು ವರ್ಷ ಓಡ್ತದ, ಹಿಡಿಯೂದು ಅಷ್ಟಕ್ಕಷ್ಟ."

"ಮೆತ್ತಂದು ಹಾಕ್ರಿ," ಎಂದ ಅಮೋಘಸಿದ್ದ.

"ತಡಿ," ಎಂದ ಮಲ್ಕಪ್ಪ.

ಧೋತರ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತ. ಕೆಂಭಾವಿ ಸಂತೆಯಲ್ಲಿ ಕುರಿಯ ಕಾಲೆತ್ತಿ ಗೊರಸು ನೋಡುವ ಹಾಗೆ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿದ. ಉಗುರು ಇಳಿಯಿತು. ಇನ್ನೊಂದಕ್ಕೆ ಒತ್ತಿದ. ಇಳಿಯಲಿಲ್ಲ. ಕಾಲುವೆ ಬಂದ ಮೇಲೆ ಹಸಿ ನೆಲದಲ್ಲಿ ನಿಂತು ನಿಂತು ಕುರಿಗಳ ಗೊರಸು ಕೊಳೆಯುವುದನ್ನು ಅವನು ಮೂವತ್ತು ವರ್ಷ ನೋಡಿದ್ದ. ಮೆತ್ತನೆಯ ಗೊರಸಿನವು ಮೊದಲು ಕುಂಟುತ್ತಿದ್ದವು.

"ರೋಗ ಬಡದ ಗೊರಸು ಇದ್ದಂಗದ ಇದು. ಗಟ್ಟಿದೇ ಇರ್ಲಿ."

"ಅಪ್ಪಾ, ಕಾರಿಗೆ ಗೊರಸು ಇರಂಗಿಲ್ಲ."

"ಹಂಗಾರ ನೆಲಾ ಯಾವ್ದರ್ಲೆ ತುಳೀತದ, ಬಾಲದ್ಲೇನು?"

ಮನ್ಸೂರಅಲಿ ನಕ್ಕ. ಅಮೋಘಸಿದ್ದ ಫೋನು ತೆಗೆದು, ಒದ್ದೆ ರಸ್ತೆಯಲ್ಲಿ ಒಂದು ಕಾರು ಗಕ್ಕನೆ ನಿಲ್ಲುವ ವಿಡಿಯೊ ತೋರಿಸಿದ. ಮಲ್ಕಪ್ಪ ಅದನ್ನು ಪೂರ್ತಿ ನೋಡಿದ.

"ಈ ರಸ್ತಾ ಯಾವೂರ್ದು?"

"ಯಾವ್ದೋ ಹೊರಗಿನ ದೇಶದ್ದು."

"ಅಲ್ಲಿ ಟ್ಯಾಕ್ಟರ್ ಗಾಲಿ ರಾಡಿ ಬೀಳ್ತದೇನು?"

"ನಮ್ಮಲ್ಲಿ ಬೀಳ್ತದಂತಲೇ ಮೆತ್ತಂದು ಬೇಕನ್ನಾಕತ್ತೀನಿ. ಮೆತ್ತಗಿದ್ರ ನೆಲ ಹಿಡೀತದಪ್ಪ. ಹನ್ನೊಂದು ದಿನ ಓದೀನಿ ನಾ ಇದನ್ನ."

"ಓದೀದಿ. ನಾ ಕಾಲು ನೋಡೀನಿ. ನಾ ಟಗರು ಮಾರಿದ್ದು ಎರಡು ವರ್ಷಕ್ಕ ಸವದು ಹೋಗೂ ರಬ್ಬರಿಗಲ್ಲ."

"ಅಪ್ಪ ಮಗ ತೀರ್ಮಾನ ಮಾಡ್ಕೋರಿ, ನಾ ಚಾ ಕುಡ್ದು ಬರ್ತೀನಿ," ಎಂದು ಮನ್ಸೂರಅಲಿ ಎದ್ದುಹೋದ.

ಅವನು ಬರುವಷ್ಟರಲ್ಲಿ ಅಮೋಘಸಿದ್ದ ಮೆತ್ತನೆಯ ಟಯರನ್ನು ಗೋಡೆಗೆ ಒರಗಿಸಿ, ಫೋನನ್ನು ಜೇಬಿಗಿಟ್ಟಿದ್ದ. "ಗಟ್ಟಿದು ಹಾಕ್ರಿ," ಎಂದ, ಯಾರ ಮುಖವನ್ನೂ ನೋಡದೆ.

"ಆಮ್ಯಾಲ ಬದಲ್ ಮಾಡಿ ಕೊಡಂಗಿಲ್ಲ ನೋಡ್ರಿ."

"ಹಾಕ್ರಿ ಅಂದೆ."

ಮನೆಗೆ ಬರುವ ದಾರಿ ಒಣಗಿತ್ತು. ಮಲ್ಕಪ್ಪ ಮೂರು ಸಲ ಬ್ರೇಕು ತುಳಿಸಿದ. ಮೂರು ಸಲವೂ ಕಾರು ನಿಂತಿತು. "ನೋಡಿದೇನು?" ಎಂದ. ಆಮೇಲೆ ಚಹಾದಂಗಡಿಯಲ್ಲಿ, ಕಟ್ಟೆಯ ಮೇಲೆ, ಬೀಗರ ಮನೆಯಲ್ಲಿ ಅದನ್ನೇ ಹೇಳಿದ: ಮಗನ ಕಾರು ಈಗ ನಿಲ್ಲುತ್ತದೆ, ಟಯರು ತಾನೇ ಆರಿಸಿ ತಂದದ್ದು. ಮಲಕಮ್ಮ ಮಾತ್ರ ಇನ್ನೂ ಬಸ್ಸಿಗೇ ಹೋಗುತ್ತಿದ್ದಳು.

ಒಂಬತ್ತನೆಯ ದಿನದ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಾಗಿತ್ತು. ಗದ್ದೆ ಕಲಸಿದ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯಲ್ಲೇ ಡಾಂಬರಿಗೆ ಹತ್ತಿ, ಎರೆ ಮಣ್ಣಿನ ರಾಡಿಯನ್ನು ಉದ್ದಕ್ಕೂ ಬಳಿದುಹೋಗಿದ್ದವು. ಸಂಜೆ ಐದೂವರೆಗೆ ಅಮೋಘಸಿದ್ದ ಬ್ಯಾಂಕಿನಿಂದ ಬರುತ್ತಿದ್ದ. ಉಪಕಾಲುವೆಯ ಸೇತುವೆ ದಾಟಿದಾಗ ಮುಂದೆ ಕುರಿಗಳು ಕಂಡವು. ಅವುಗಳ ಹಿಂದೆ ಹೆಗಲ ಮೇಲೆ ಕೋಲಿಟ್ಟುಕೊಂಡು ಅಪ್ಪ ನಡೆಯುತ್ತಿದ್ದ.

ಬೇರೆ ಗಾಡಿಗಳಿಗೆ ಮಲ್ಕಪ್ಪ ಸೀಟಿ ಹಾಕಿ ಹಿಂಡನ್ನು ಪಕ್ಕಕ್ಕೆ ಇಳಿಸುತ್ತಿದ್ದ. ಹಿಂದಿರುಗಿ ನೋಡಿದ, ಕೆಂಪು ಕಾರು. ಸೀಟಿ ಹಾಕಲಿಲ್ಲ. ಅಂಗೈ ಎತ್ತಿ, ನಿಲ್ಲು ಎಂಬಂತೆ ಹಿಡಿದು ರಸ್ತೆಯ ನಡುವೆಯೇ ನಿಂತ.

ಅಮೋಘಸಿದ್ದ ಸಾಕಷ್ಟು ದೂರದಲ್ಲೇ ಬ್ರೇಕು ತುಳಿದಿದ್ದ. ಗಾಲಿ ನಿಂತವು, ಕಾರು ಹೋಗುತ್ತಲೇ ಇತ್ತು. ಸ್ಟೇರಿಂಗು ತಿರುಗಿಸಿದ, ಮೂತಿ ತಿರುಗಲಿಲ್ಲ. ಹಾರನ್ನು ಒತ್ತಿ ಹಿಡಿದ. ಅಪ್ಪನ ಕೈ ಇನ್ನೂ ಎತ್ತಿಯೇ ಇತ್ತು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಮಾತ್ರ ಅವನು ಪಕ್ಕಕ್ಕೆ ಹಾರಿದ.

ಕಾರು ಹಿಂಡಿನೊಳಗೆ ಹೋಗಿ, ಅಡ್ಡತಿರುಗಿ, ರಸ್ತೆ ಪಕ್ಕದ ಏರಿಗೆ ತಾಗಿ ನಿಂತಿತು.

ಮಲ್ಕಪ್ಪ ಮಗನ ಕಡೆ ನೋಡಲಿಲ್ಲ. ಸತ್ತು ಬಿದ್ದವುಗಳನ್ನು ಒಂದೊಂದಾಗಿ ಕಾಲು ಹಿಡಿದು ಎಳೆದು ಏರಿಯ ಮೇಲೆ ಮಲಗಿಸತೊಡಗಿದ. ಅಮೋಘಸಿದ್ದ ಹತ್ತಿರ ಹೋಗಿ ಬಗ್ಗಿದ.

"ಇಲ್ಲಿ ಬ್ಯಾಡ. ಗದ್ದಿಯೊಳಗ ಬಿದ್ದಾವೇನು ನೋಡು."

ಅಮೋಘಸಿದ್ದ ಬೂಟಿನಲ್ಲೇ ಮೊಣಕಾಲುದ್ದ ಕೆಸರಿಗಿಳಿದ. ಅಲ್ಲೊಂದು ಇತ್ತು. ಎತ್ತಿಕೊಂಡು ಬಂದು ಉಳಿದವುಗಳ ಪಕ್ಕ ಇಟ್ಟ. ಮಲ್ಕಪ್ಪ ಕೋಲಿನ ತುದಿಯನ್ನು ಒಂದೊಂದಕ್ಕೂ ತಾಗಿಸಿ ಎಣಿಸಿದ. ಆ ತುದಿ ಮುಟ್ಟಿ, ತಿರುಗಿ ಈ ತುದಿಯಿಂದ ಎಣಿಸಿದ.

ಒಂಬತ್ತು ಕುರಿ. ಎರಡು ಮರಿ.