ತಿಪ್ಪೇಶನ ಹೊಸ ಮೋಡೆಮ್

ಹಿರಿಯೂರಿನ ಕೊಬ್ಬರಿ ವ್ಯಾಪಾರಿ ತಿಪ್ಪೇಶ್ ಆನ್‌ಲೈನ್ ಹರಾಜಿನಲ್ಲಿ ಪ್ರತಿ ವಾರವೂ ಅದೇ ವ್ಯಾಪಾರದ ಎದುರುಮನೆಯ ಮುದುಕಿ ವೀರಮ್ಮನಿಗೆ ಸೋಲುತ್ತಿದ್ದ. ತಪ್ಪು ತನ್ನ ಲೆಕ್ಕಾಚಾರದ್ದಲ್ಲ, ಮೋಡೆಮ್ಮಿನದು ಎಂದು ತೀರ್ಮಾನಿಸಿ, ಅಂಗಡಿಯಲ್ಲಿದ್ದ ಅತಿ ಹೊಸದನ್ನೇ ತಂದ. ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

"ಊರಿಗೆಲ್ಲ ನೆಟ್ ಕೊಡೋ ನನ್ನ ಮಿಷಿನ್ ಹಳೇದು ಸಾವ್ಕಾರ್ರೇ," ಎಂದ ಕೇಬಲ್ ಆಪರೇಟರ್ ಹನುಮೇಶ. "ನಿಮ್ಮ ಹೊಸ ಮೋಡೆಮ್ ಅದಕ್ಕೆ ಹೊಂದ್ಕಂಡು ನಿಧಾನಕ್ಕೆ ನಡೀತೈತೆ. ನಿಮಗಿಂತ ಸಂಸ್ಕಾರವಂತ."

"ಹಂಗಾದ್ರೆ ನಿನ್ನ ಮಿಷಿನ್ನೇ ಬದಲಾಯ್ಸು ಕಣ್ಲೇ. ಆ ಮುದುಕಿಯ ಧೂಳು ಹಿಡಿದ ಹಳೇ ಮೋಡೆಮ್ ಡಬ್ಬಿ ಹೊಸದಕ್ಕೆ ಹೊಂದದೆ ನಿಂತೋಗ್ಲಿ!"

ಹೊಸ ಮಿಷಿನ್ ಇಡಲು ಜಾಗವಿಲ್ಲ ಎಂದು ಹನುಮೇಶ ಗೊಣಗಿದ. ತಿಪ್ಪೇಶ್ ತನ್ನ ಗೋದಾಮಿನ ಒಂದು ಕೋಣೆಯನ್ನೂ ಕರೆಂಟನ್ನೂ ಪುಕ್ಕಟೆ ಕೊಟ್ಟ. ಅವನು ಜೀವನದಲ್ಲಿ ಮಾಡಿದ ಮೊದಲ ದಾನ ಅದು.

ಮುಂದಿನ ಹರಾಜಿನಲ್ಲಿ ತಿಪ್ಪೇಶನ ಪರದೆ ಮಿಂಚಿನಂತೆ ತೆರೆದುಕೊಂಡಿತು. ವೀರಮ್ಮನ ಡಬ್ಬಿಯೋ, ನಿಲ್ಲುವುದಿರಲಿ, ಹಿಂದೆಂದಿಗಿಂತ ಚುರುಕಾಯಿತು. ಸರಕು ಮತ್ತೆ ಅವಳ ಪಾಲಾಯಿತು.

"ಅದು ಹೆಂಗಲೇ?" ಎಂದು ತಿಪ್ಪೇಶ್ ಹನುಮೇಶನ ಮೇಲೆ ಹರಿಹಾಯ್ದ.

"ಹೊಸ ಮಿಷಿನ್ ಹಳೇ ಮೋಡೆಮ್ಮನ್ನೂ ಸಾಕ್ಲೇಬೇಕು, ಅದನ್ನ ಮಾಡಿರೋದೇ ಹಂಗೆ. ಬೈಪಾಸ್ ಆದ್ಮೇಲೆ ಊರೊಳಗಿನ ರಸ್ತೆ ಖಾಲಿ ಆಗ್ಲಿಲ್ವಾ? ಹೊಸ ಮೋಡೆಮ್ಮಿನೋರೆಲ್ಲ ಹೊಸ ದಾರಿಗೆ ಹೋದ್ರಿ. ಹಳೇ ದಾರೀಲಿ ಈಗ ಅಜ್ಜಿ ಒಬ್ರೇ."

ಅಷ್ಟರಲ್ಲಿ ಅಜ್ಜಿಯೇ ರಸ್ತೆ ದಾಟಿ ಬಂದಳು. "ತಿಪ್ಪೇಶಪ್ಪಾ, ನೆಟ್ಟು ಭಾಳ ಚೆನ್ನಾಗೈತೆ ಕಣಪ್ಪ, ನಿನ್ನ ಹೊಟ್ಟೆ ತಣ್ಣಗಿರ್ಲಿ. ನಮ್ಮ ಗೋದಾಮು ತುಂಬಿ ಹೋಗೈತೆ. ನಿನ್ನದು ಹೆಂಗೂ ಖಾಲಿ ಅಲ್ವಾ, ಇನ್ನೊಂದು ಕೋಣೆ ಕೊಡ್ತೀಯಾ?"